ಐದು ರೂಪಾಯಿಯ ನೋಟು ಇನ್ನೂ ಸತ್ತಿಲ್ಲ

ಮಾನ್ಯ ಸಂಪಾದಕರೇ,

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಾವಿರುವ ಕಟ್ಟಡದಲ್ಲಿ ನಾಲ್ಕು ಮನೆಗಳ ಪಾತ್ರೆ-ಬಟ್ಟೆಯ ಕೆಲಸ ಮಾಡುವ ಯಾದಗಿರಿ ಕಡೆಯ ಹೆಂಗಸೊಬ್ಬರು ಕಳೆದ ತಿಂಗಳ ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, ಸೆರಗಿನ ಗಂಟು ಬಿಚ್ಚಿ, ಹಳದಿ ದಾರ ಸುತ್ತಿದ ಒಂದು ಸಣ್ಣ ಕಟ್ಟನ್ನು ನನ್ನ ಕೈಗಿತ್ತರು. "ಅಣ್ಣಾರ, ಇವು ಸತ್ತಾವೇನ್ರಿ?" ಎಂದು ಕೇಳಿದರು. ದಾರ ಬಿಚ್ಚಿ ನೋಡಿದರೆ ಎಲ್ಲವೂ ಐದು ರೂಪಾಯಿಯ ನೋಟುಗಳು. ಹಸಿರು ಬಣ್ಣದವು, ಹಿಂಬದಿಯಲ್ಲಿ ಟ್ರ್ಯಾಕ್ಟರಿನಿಂದ ಹೊಲ ಉಳುವ ರೈತನ ಚಿತ್ರವಿರುವಂಥವು. ಎಣಿಸಿದಾಗ ನಲವತ್ತಮೂರು ಇದ್ದವು. ಅತ್ತೆ ತೀರಿಕೊಂಡ ಮೇಲೆ ಅವರ ಅಡಕೆ-ಎಲೆಯ ಡಬ್ಬಿಯ ತಳದಲ್ಲಿ ಸಿಕ್ಕವಂತೆ. ಆಕೆ ಮೊದಲು ಕಿರಾಣಿ ಅಂಗಡಿಗೆ ಒಯ್ದಿದ್ದಾರೆ, ಅಂಗಡಿಯವನು ಮುಟ್ಟಲಿಲ್ಲ. ರಿಕ್ಷಾದವನು "ಚಲೇಗಾ ನಹೀ" ಎಂದ. ತರಕಾರಿಯವಳು, ತನ್ನಂತೆಯೇ ಬೆಳಗಿನಿಂದ ಬಿಸಿಲಲ್ಲಿ ಕೂತು ದುಡಿಯುವವಳು, ಅವಳೂ ಬೇಡವೆಂದಳಂತೆ. ಇನ್ನೂರ ಹದಿನೈದು ರೂಪಾಯಿ ಕೈಯಲ್ಲಿದ್ದೂ ಇಲ್ಲದಂತಾದ ಆ ಸ್ಥಿತಿಯನ್ನು ಕಂಡು ನನಗೆ ಬಹಳ ಸಂಕಟವಾಯಿತು. ಈ ಪತ್ರ ಬರೆಯಲು ಅದೇ ಕಾರಣ.

ನಾನು ಕುಂದಾಪುರದ ಕಡೆಯವನು. 1978ರಲ್ಲಿ ಮುಂಬಯಿಗೆ ಬಂದು, ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತ, ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿ, ಮುಂದೆ ಅದೇ ಧಣಿಗಳ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕುಳಿತವನು. ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಯಾವ ನೋಟು ಬೆಳಿಗ್ಗೆ ಬಂದು ಮಧ್ಯಾಹ್ನದೊಳಗೆ ಹೊರಗೆ ಹೋಗುತ್ತದೆ, ಯಾವುದು ಗಲ್ಲಾದ ಮೂಲೆಯಲ್ಲಿ ವಾರಗಟ್ಟಲೆ ಬಿದ್ದಿರುತ್ತದೆ ಎಂಬುದನ್ನು ಬೆರಳುಗಳಿಂದಲೇ ತಿಳಿದವನು. ಐದು ರೂಪಾಯಿಯ ನೋಟು ನಮ್ಮ ದಿನನಿತ್ಯದ ಬದುಕಿನಿಂದ ಏಕೆ ಮರೆಯಾಯಿತು, ಮರೆಯಾದದ್ದೆಲ್ಲ ಏಕೆ ರದ್ದಾದಂತಲ್ಲ ಎಂಬುದನ್ನು ಆ ಅನುಭವದ ಬಲದಿಂದ ನಿಮ್ಮ ಓದುಗರ ಮುಂದಿಡಲು ಬಯಸುತ್ತೇನೆ.

ಮೊದಲು ಕಾನೂನಿನ ಮಾತು. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೆಯ ಕಲಮಿನ ಪ್ರಕಾರ, ಬ್ಯಾಂಕು ಹೊರಡಿಸಿದ ಪ್ರತಿಯೊಂದು ನೋಟೂ, ಸರ್ಕಾರವು ಅಧಿಸೂಚನೆಯ ಮೂಲಕ ರದ್ದುಪಡಿಸುವವರೆಗೆ, ದೇಶದ ಯಾವ ಮೂಲೆಯಲ್ಲಾದರೂ ಚಲಾವಣೆಗೆ ಅರ್ಹ. ಐದು ರೂಪಾಯಿಯ ನೋಟನ್ನು ರದ್ದುಪಡಿಸುವ ಅಂಥ ಅಧಿಸೂಚನೆ ಹೊರಟಿಲ್ಲ. ಎರಡು ಮತ್ತು ಐದು ರೂಪಾಯಿಯ ನೋಟುಗಳ ಮುದ್ರಣವನ್ನು ನಿಲ್ಲಿಸಲಾಗಿದೆ, ಆದರೆ ಹಿಂದೆ ಹೊರಡಿಸಿದವು ಈಗಲೂ ಊರ್ಜಿತವಾಗಿವೆ ಎಂದು ರಿಸರ್ವ್ ಬ್ಯಾಂಕೇ ಸ್ಪಷ್ಟವಾಗಿ ಹೇಳಿದೆ. ಮುದ್ರಣ ನಿಲ್ಲುವುದು ಬೇರೆ, ಬೆಲೆ ನಿಲ್ಲುವುದು ಬೇರೆ. ಜನರ ಬಾಯಲ್ಲಿ ಈ ಎರಡೂ "ಬಂದ್ ಆಯಿತು" ಎಂಬ ಒಂದೇ ಮಾತಿನಲ್ಲಿ ಕರಗಿಹೋಗಿವೆ, ಮತ್ತು ನನ್ನ ಬಾಗಿಲಿಗೆ ಬಂದ ಹೆಂಗಸಿನ ಕಷ್ಟವೆಲ್ಲ ಹುಟ್ಟಿದ್ದು ಆ ಒಂದು ಮಾತಿನಿಂದ.

ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. 1935ರ ಏಪ್ರಿಲ್ 1ರಂದು ಕೆಲಸ ಆರಂಭಿಸಿದ ರಿಸರ್ವ್ ಬ್ಯಾಂಕು, ತನ್ನ ಕೇಂದ್ರ ಕಚೇರಿಯನ್ನು 1937ರಲ್ಲಿ ಕಲಕತ್ತೆಯಿಂದ ನಮ್ಮ ಮುಂಬಯಿಗೆ ತಂದ ಮೇಲೆ, 1938ರ ಜನವರಿಯಲ್ಲಿ ತನ್ನ ಹೆಸರಿನಲ್ಲಿ ಹೊರಡಿಸಿದ ಮೊಟ್ಟಮೊದಲ ನೋಟೇ ಐದು ರೂಪಾಯಿಯದು. ಆರನೆಯ ಜಾರ್ಜ್ ದೊರೆಯ ಚಿತ್ರವಿದ್ದ ಆ ನೋಟಿನ ಹಿಂದೆಯೇ ಹತ್ತು, ನೂರು, ಸಾವಿರ ಮತ್ತು ಹತ್ತು ಸಾವಿರದ ನೋಟುಗಳು ಒಂದೊಂದಾಗಿ ಬಂದವು. ಸಾವಿರವೂ ಹತ್ತು ಸಾವಿರವೂ 1946ರಲ್ಲಿ ಒಮ್ಮೆ ರದ್ದಾಗಿ, 1954ರಲ್ಲಿ ಮರಳಿ ಬಂದು, 1978ರ ಜನವರಿಯಲ್ಲಿ ಮತ್ತೊಮ್ಮೆ ರದ್ದಾದವು. ಹಿರಿಯಣ್ಣನಾದ ಐದು ರೂಪಾಯಿಯನ್ನು ಮಾತ್ರ ಯಾವ ಸರ್ಕಾರವೂ ರದ್ದುಮಾಡಲಿಲ್ಲ.

ಹಾಗಾದರೆ ಅದು ಕಾಣೆಯಾದದ್ದು ಹೇಗೆ? ಮೊದಲ ಕಾರಣ ಕಾಗದದ್ದು. ಸಣ್ಣ ಬೆಲೆಯ ನೋಟು ಕೈಯಿಂದ ಕೈಗೆ ಹೆಚ್ಚು ಓಡಾಡುತ್ತದೆ. ಮೀನಿನ ಬುಟ್ಟಿ, ಹೂವಿನ ನೀರು, ಬೆವರಿದ ಜೇಬು, ಹಿಟ್ಟು ಮೆತ್ತಿದ ಬೆರಳು, ಎಲ್ಲವನ್ನೂ ಅದು ಮುಟ್ಟಿಬರಬೇಕು. ಅಂಥ ನೋಟಿನ ಆಯುಷ್ಯ ಒಂದು ವರ್ಷವೂ ತುಂಬುವುದಿಲ್ಲ. ಆಗ ಒಟ್ಟು ನೋಟುಗಳ ಸಂಖ್ಯೆಯಲ್ಲಿ ಈ ಸಣ್ಣ ನೋಟುಗಳ ಪಾಲು ಬಹಳ ದೊಡ್ಡದಿತ್ತು, ಒಟ್ಟು ಬೆಲೆಯಲ್ಲಿ ತೀರಾ ಚಿಕ್ಕದಿತ್ತು. ಅವುಗಳನ್ನು ಮುದ್ರಿಸಿ, ಸಾಗಿಸಿ, ಹರಿದಾಗ ಹಿಂದೆ ತರಿಸಿ ನಾಶಪಡಿಸುವ ಖರ್ಚು ಅವುಗಳ ಬಾಳಿಕೆಗೆ ಹೊಂದುವುದಿಲ್ಲವೆಂದು ಒಂದು, ಎರಡು ಮತ್ತು ಐದನ್ನು ನಾಣ್ಯಕ್ಕೆ ಬಿಟ್ಟುಕೊಡಲಾಯಿತು. ಈ ನಿರ್ಧಾರ ಸರಿಯಾದದ್ದೇ ಎಂದು ನಾನು ಭಾವಿಸುತ್ತೇನೆ. 1992ರಿಂದ ಬಂದ ಐದು ರೂಪಾಯಿಯ ಆ ದಪ್ಪ ನಾಣ್ಯವನ್ನು ಗಲ್ಲಾದಲ್ಲಿ ಕಣ್ಣು ಮುಚ್ಚಿಕೊಂಡೇ ಆರಿಸಬಹುದಿತ್ತು. ಆದರೂ ನೋಟು ಅಲ್ಲಿಗೇ ಮುಗಿಯಲಿಲ್ಲ. 2001ರ ನವೆಂಬರಿನಲ್ಲಿ ಗಾಂಧೀಜಿಯ ಚಿತ್ರದ ಮಾಲಿಕೆಯಲ್ಲಿ ಐದು ರೂಪಾಯಿಯ ಹೊಸ ನೋಟು ಬಂತು. ಆ ಹೆಂಗಸಿನ ಕಟ್ಟಿನಲ್ಲಿದ್ದವೂ ಇದೇ ಮಾಲಿಕೆಯವು.

ಆ ವರ್ಷಗಳಲ್ಲಿ ಚಿಲ್ಲರೆಗೆ ಎಂಥ ಬರವಿತ್ತೆಂಬುದು ಹೋಟೆಲಿನವರಿಗೆಲ್ಲ ನೆನಪಿರುತ್ತದೆ. ಗಿರಾಕಿಗೆ ಮೂರು ರೂಪಾಯಿ ಹಿಂದೆ ಕೊಡಲಾಗದೆ ನಾವು ಚಾಕಲೇಟು ಕೊಟ್ಟಿದ್ದೇವೆ, ಹೋಟೆಲಿನ ಮುದ್ರೆ ಒತ್ತಿದ ರಟ್ಟಿನ ಚೀಟಿ ಕೊಟ್ಟಿದ್ದೇವೆ. ಹರಿದ ಐದರ ನೋಟನ್ನು ಅಂಗೈಯಗಲದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮೇಲೆ ಪಿನ್ನು ಹೊಡೆದು ಚಲಾವಣೆಗೆ ಬಿಡುತ್ತಿದ್ದರು. ಒಳಗಿರುವುದು ಎರಡು ತುಂಡೋ ಮೂರು ತುಂಡೋ ಎಂದು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ನಂಬಿಕೆ ಇಟ್ಟು ತೆಗೆದುಕೊಳ್ಳುತ್ತಿದ್ದರು, ಅದೇ ನಂಬಿಕೆಯ ಮೇಲೆ ಮುಂದಿನವರಿಗೆ ಕೊಡುತ್ತಿದ್ದರು. ಅಷ್ಟು ಜೀರ್ಣವಾದ ನೋಟನ್ನು ಸಂತೋಷದಿಂದ ಪಡೆದ ಇದೇ ಊರು, ಇವತ್ತು ಗರಿಗರಿಯಾದ ಐದರ ನೋಟನ್ನೂ ಬೇಡವೆನ್ನುತ್ತದೆ. ಇದಕ್ಕೆ ಕಾಗದದ ಬಾಳಿಕೆಯೊಂದೇ ಕಾರಣವಾಗಿರಲಾರದು.

ಎರಡನೆಯ ಕಾರಣವನ್ನು ನಾನು ಗಲ್ಲಾದ ಮರದ ಪೆಟ್ಟಿಗೆಯಲ್ಲಿ ಕಂಡೆ. ನಮ್ಮ ಹಳೆಯ ಪೆಟ್ಟಿಗೆಯಲ್ಲಿ ಹಲಗೆ ಅಡ್ಡವಿಟ್ಟು ಮಾಡಿದ ಮನೆಗಳಿದ್ದವು: ಒಂದಕ್ಕೆ, ಎರಡಕ್ಕೆ, ಐದಕ್ಕೆ, ಹತ್ತಕ್ಕೆ, ಇಪ್ಪತ್ತಕ್ಕೆ, ಐವತ್ತಕ್ಕೆ ಒಂದೊಂದು ಮನೆ, ನೂರರ ನೋಟುಗಳು ಕೆಳಗಿನ ಖಾನೆಗೆ. ಗಲ್ಲಾದಲ್ಲಿ ಕುಳಿತವನ ಕಣ್ಣು ಗಿರಾಕಿಯ ಮೇಲೆ, ಬಿಲ್ಲಿನ ಮುಳ್ಳಿನ ಮೇಲೆ, ಪಾರ್ಸಲ್ ಕಟ್ಟುವವನ ಮೇಲೆ ಇರುತ್ತದೆ. ಕೈಗೆ ಮಾತ್ರ ಮನೆ ಗೊತ್ತಿರುತ್ತದೆ. ಒಂದರ ಮನೆಯಲ್ಲಿ ನಾಣ್ಯ ತುಂಬಿತು, ಎರಡರದ್ದೂ ಹಾಗೆಯೇ ಆಯಿತು, ಒಂದು ದಿನ ಧಣಿಗಳು ಹೊಸ ಪೆಟ್ಟಿಗೆ ಮಾಡಿಸಿದಾಗ ಐದಕ್ಕೆ ನಾಣ್ಯದ ಬಟ್ಟಲು ಬಂತು, ನೋಟಿನ ಮನೆ ಹೋಯಿತು. ಅಂದಿನಿಂದ ಅಪರೂಪಕ್ಕೆ ಬಂದ ಐದರ ನೋಟನ್ನು ನಾನು ಹತ್ತರ ನೋಟುಗಳ ಅಡಿಯಲ್ಲಿ ತುರುಕತೊಡಗಿದೆ. ಅಲ್ಲಿ ಅದು ಕೈಗೆ ಸಿಗುವುದಿಲ್ಲ, ಸಿಗದ್ದರಿಂದ ಹೊರಗೆ ಹೋಗುವುದಿಲ್ಲ, ಹೊರಗೆ ಹೋಗದ್ದರಿಂದ ಗಿರಾಕಿಯ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಲೆಕ್ಕ ಮುಗಿಸುವಾಗ ಅವೆಲ್ಲ ಒಟ್ಟಾಗಿ ರಬ್ಬರು ಹಾಕಿದ ಒಂದು ಕಟ್ಟಾಗುತ್ತಿದ್ದವು. ಊರಿನ ಸಾವಿರಾರು ಗಲ್ಲಾಗಳಲ್ಲಿ ಹೀಗೆಯೇ ನಡೆದಿರಬೇಕೆಂದು ನಾನು ನಂಬಿದ್ದೇನೆ.

ಮೂರನೆಯದು ಭಯ, ಮತ್ತು ನನ್ನ ಅಭಿಪ್ರಾಯದಲ್ಲಿ ಇದೇ ಎಲ್ಲಕ್ಕಿಂತ ಬಲವಾದದ್ದು. ಅಂಗಡಿಯವನು ನೋಟನ್ನು ತೆಗೆದುಕೊಳ್ಳುವುದು ಅದರ ಮೇಲೆ ಗವರ್ನರರ ಸಹಿಯಿದೆಯೆಂದಲ್ಲ, ಸಂಜೆ ಹಾಲಿನವನು ತನ್ನಿಂದ ಅದನ್ನು ತೆಗೆದುಕೊಳ್ಳುತ್ತಾನೆ ಎಂಬ ಭರವಸೆಯಿಂದ. ಹಾಲಿನವನು ತೆಗೆದುಕೊಳ್ಳಲಾರನೇನೋ ಎಂಬ ಸಂಶಯ ಒಮ್ಮೆ ಹುಟ್ಟಿದರೆ ಸಾಕು, ಅಂಗಡಿಯವನು ತಾನೇ ಮುಂದಾಗಿ ಬೇಡವೆನ್ನುತ್ತಾನೆ. ಅವನು ಬೇಡವೆಂದದ್ದನ್ನು ಕಂಡ ಹಾಲಿನವನು ನಿಜವಾಗಿಯೂ ಬೇಡವೆನ್ನುತ್ತಾನೆ. ಯಾರೂ ಸುಳ್ಳು ಹೇಳಿರುವುದಿಲ್ಲ, ಯಾರಿಗೂ ಮೋಸಮಾಡುವ ಮನಸ್ಸಿರುವುದಿಲ್ಲ, ಆದರೂ ಒಳ್ಳೆಯ ನೋಟೊಂದು ನಾಲ್ಕು ಜನರ ನಡುವೆ ನಿಂತುಹೋಗುತ್ತದೆ. ಕೊನೆಗೆ ಅದು ಉಳಿಯುವುದು ಇನ್ನೊಬ್ಬರ ಮೇಲೆ ದಾಟಿಸಲು ಬಾಯಿಲ್ಲದವರ ಕೈಯಲ್ಲಿ: ಮುದುಕಿಯ ಎಲೆ-ಅಡಕೆಯ ಡಬ್ಬಿಯಲ್ಲಿ, ದೇವರ ಹುಂಡಿಯಲ್ಲಿ. ನಮ್ಮ ಭಜನಾ ಮಂದಿರದಲ್ಲಿ ಪ್ರತಿ ಎರಡು ತಿಂಗಳಿಗೊಮ್ಮೆ ಹುಂಡಿ ಎಣಿಸಲು ಕೂರುವ ನಾಲ್ಕೈದು ಮಂದಿಯಲ್ಲಿ ನಾನೂ ಒಬ್ಬ. ಊರಿನಲ್ಲಿ ಎಲ್ಲೂ ಕಾಣದ ಒಂದರ, ಎರಡರ, ಐದರ ನೋಟುಗಳು ಆ ಜಮಖಾನದ ಮೇಲೆ ಈಗಲೂ ಬೀಳುತ್ತವೆ. ಅವನ್ನು ಹಾಕಿದವರು ಬೇಡದ್ದನ್ನು ದೇವರಿಗೆ ಹಾಕಿದರೆಂದು ನನಗೆ ಅನಿಸುವುದಿಲ್ಲ. ದೇವರಾದರೂ ಬೇಡವೆನ್ನಲಾರನು ಎಂದು ಹಾಕಿರುತ್ತಾರೆ.

ಈ ಭಯಕ್ಕೆ ಇಂಬುಕೊಟ್ಟ ಘಟನೆಗಳೂ ಇವೆ. 2011ರ ಜೂನ್ 30ರಿಂದ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು ನಿಜವಾಗಿಯೇ ಚಲಾವಣೆಯಿಂದ ಹೋದವು. 2014ರ ಜನವರಿಯಲ್ಲಿ, 2005ಕ್ಕೆ ಮೊದಲು ಮುದ್ರಿಸಿದ ನೋಟುಗಳನ್ನು ಹಿಂತೆಗೆದುಕೊಳ್ಳುವುದಾಗಿ ರಿಸರ್ವ್ ಬ್ಯಾಂಕು ಹೇಳಿತು. ಅವು ಊರ್ಜಿತವಾಗಿಯೇ ಇರುತ್ತವೆಂದು ಅದರ ಜೊತೆಗೇ ಹೇಳಿದ್ದರೂ ಜನರ ಕಿವಿಯಲ್ಲಿ ಉಳಿದದ್ದು ಮೊದಲಿನ ಅರ್ಧ ಮಾತ್ರ. 2016ರ ನವೆಂಬರ್ 8ರ ರಾತ್ರಿಯನ್ನು ಯಾರೂ ಮರೆತಿಲ್ಲ. ಆಮೇಲೆ ಹತ್ತು ರೂಪಾಯಿಯ ನಾಣ್ಯವೇ ನಡೆಯುವುದಿಲ್ಲವೆಂಬ ಪುಕಾರು ಎದ್ದು, ಅದರ ಹದಿನಾಲ್ಕು ವಿನ್ಯಾಸಗಳೂ ಸಾಚಾ ಎಂದು 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಬೇಕಾಯಿತು. 2021ರ ಜನವರಿಯಲ್ಲಂತೂ ನಮ್ಮ ಕರಾವಳಿಯಿಂದಲೇ ಸುದ್ದಿ ಹೊರಟಿತು: ಮಂಗಳೂರಿನ ಸಭೆಯೊಂದರಲ್ಲಿ ಅಧಿಕಾರಿಯೊಬ್ಬರು ಆಡಿದ ಮಾತನ್ನು ಹಿಡಿದು, ಹಳೆಯ ನೂರು, ಹತ್ತು ಮತ್ತು ಐದು ರೂಪಾಯಿಯ ನೋಟುಗಳು ಕೆಲವೇ ವಾರಗಳಲ್ಲಿ ಹೋಗುತ್ತವೆಂದು ದೇಶವೆಲ್ಲ ಮಾತನಾಡಿತು. ಅದು ಸರಿಯಲ್ಲವೆಂದು ರಿಸರ್ವ್ ಬ್ಯಾಂಕು ಅದೇ ತಿಂಗಳು ಹೇಳಿತು. ಆದರೆ ಸುದ್ದಿ ಓಡಿದಷ್ಟು ದೂರ ಸ್ಪಷ್ಟೀಕರಣ ಓಡಲಿಲ್ಲ. ಊರಿನಿಂದ ನನ್ನ ತಂಗಿ ಫೋನು ಮಾಡಿ ಅಮ್ಮನ ಪೆಟ್ಟಿಗೆಯ ಹತ್ತರ ನೋಟುಗಳನ್ನೆಲ್ಲ ಬದಲಿಸಬೇಕೇ ಎಂದು ಕೇಳಿದ್ದು ನನಗಿನ್ನೂ ನೆನಪಿದೆ.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಸುಳ್ಳೂ ಇದೆ, ಅದು ಇನ್ನೂ ಕ್ರೂರವಾದದ್ದು. ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿಯ ನೋಟು, ಅದರಲ್ಲೂ ಅದರ ಸಂಖ್ಯೆಯಲ್ಲಿ ಮಂಗಳಕರವೆಂದು ಹಲವರು ನಂಬುವ 786 ಇದ್ದರೆ, ಲಕ್ಷಗಟ್ಟಲೆ ಬೆಲೆಗೆ ಹೋಗುತ್ತದೆಂಬ ಜಾಹೀರಾತುಗಳು ಮೊಬೈಲಿನಲ್ಲಿ ಸುತ್ತುತ್ತಿವೆ. ಮೊದಲು ನೋಂದಣಿಯ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಕಮಿಷನ್ ಎಂದು ಬಡವರಿಂದ ಹಣ ಸುಲಿಯುವುದು ಅವರ ಕ್ರಮ. ತನ್ನ ಹೆಸರು ಬಳಸಿ ಹಳೆಯ ನೋಟು, ನಾಣ್ಯಗಳನ್ನು ಕೊಳ್ಳುವ-ಮಾರುವ ಇಂಥ ವಂಚನೆಗೆ ಬಲಿಬೀಳಬೇಡಿ, ತಾನು ಅಂಥ ಯಾವ ವ್ಯವಹಾರವನ್ನೂ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಒಂದೇ ನೋಟನ್ನು ಅಂಗಡಿಯವನು ಸೊನ್ನೆ ಎನ್ನುತ್ತಾನೆ, ಮೊಬೈಲು ಐದು ಲಕ್ಷ ಎನ್ನುತ್ತದೆ. ಅದು ಐದು ರೂಪಾಯಿ ಎಂದು ಹೇಳುವವರು ಯಾರೂ ಸಿಗದಿದ್ದರೆ ಓದು ಬಾರದ ಹೆಂಗಸು ಯಾರನ್ನು ನಂಬಬೇಕು? ನೋಟಿನ ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿ, ಅಸ್ಸಾಮಿ, ಬಂಗಾಳಿ, ಗುಜರಾತಿಗಳ ನಂತರ, ಕನ್ನಡದಲ್ಲೇ ಅದರ ಬೆಲೆ ಬರೆದಿದೆ. ಅದನ್ನು ಆಕೆಗೆ ಓದಿ ಹೇಳಿದಾಗ ಆಕೆ ಬೆರಳಿಟ್ಟು ಆ ಸಾಲನ್ನು ಮುಟ್ಟಿ ನೋಡಿದರು.

ಮುದ್ರಣ ನಿಂತದ್ದೇ ಎಲ್ಲದಕ್ಕೂ ಕಾರಣವಲ್ಲ ಎನ್ನುವುದಕ್ಕೆ ಎರಡು ಸಾವಿರದ ನೋಟನ್ನು ನೋಡಬೇಕು. ಅದನ್ನು ಕಟ್ಟುಕಟ್ಟಾಗಿ ಮುದ್ರಿಸಿದ್ದರು. 2016ರ ನವೆಂಬರಿನಲ್ಲಿ ಐನೂರು ಮತ್ತು ಸಾವಿರ ಹೋಗಿ ಅದು ಬಂದಾಗ ನಾನು ಗಲ್ಲಾದಲ್ಲೇ ಇದ್ದೆ. ಹೊಸ ಐನೂರು ಇನ್ನೂ ಕೈಗೆ ಸರಿಯಾಗಿ ಸಿಗುತ್ತಿರಲಿಲ್ಲ. ನೂರಾದ ಮೇಲೆ ನೇರವಾಗಿ ಎರಡು ಸಾವಿರ, ನಡುವೆ ಮೆಟ್ಟಿಲೇ ಇಲ್ಲ. ಎರಡು ಇಡ್ಲಿ, ಒಂದು ಕಾಫಿ ತೆಗೆದುಕೊಂಡ ಗಿರಾಕಿ ಆ ಗುಲಾಬಿ ನೋಟು ನೀಡಿದರೆ ಗಲ್ಲಾದ ನೂರರ ಖಾನೆ ಇಡಿಯಾಗಿ ಬರಿದಾಗುತ್ತಿತ್ತು. ಬೆಳಗಿನ ಎಂಟು ಗಂಟೆಯೊಳಗೆ ಇಬ್ಬರು ಅಂಥ ಗಿರಾಕಿಗಳು ಬಂದರೆ ಮೂರನೆಯವರಿಗೆ "ನಾಳೆ ಕೊಡಿ" ಎಂದು ಕಾಫಿ ಕೊಟ್ಟು ಕಳುಹಿಸಿದ್ದೇವೆ, ಮತ್ತು ಬಹುಮಂದಿ ಮರುದಿನ ಬಂದು ಕೊಟ್ಟಿದ್ದಾರೆ ಎಂಬುದನ್ನೂ ಇಲ್ಲಿ ಹೇಳಬೇಕು. 2017ರ ಆಗಸ್ಟಿನಲ್ಲಿ ಇನ್ನೂರರ ನೋಟು ಬಂದ ಮೇಲೆ ನಮಗೆ ಉಸಿರಾಡುವಂತಾಯಿತು. ಎರಡು ಸಾವಿರದ್ದು ಮಾತ್ರ ಬೀರು ಸೇರಿತು. 2018-19ರಲ್ಲಿ ಅದರ ಮುದ್ರಣ ನಿಂತಿತು, 2023ರ ಮೇ 19ರಂದು ಅದನ್ನು ಹಿಂತೆಗೆದುಕೊಳ್ಳುವ ಪ್ರಕಟಣೆ ಬಂತು. ಈ ಬೆಲೆಯ ನೋಟನ್ನು ವ್ಯವಹಾರದಲ್ಲಿ ಸಾಮಾನ್ಯವಾಗಿ ಬಳಸುತ್ತಿಲ್ಲವೆಂದು ಆ ಪ್ರಕಟಣೆಯೇ ಒಪ್ಪಿಕೊಂಡಿತು. ಐದರ ನೋಟಿಗೆ ಗಲ್ಲಾದಲ್ಲಿ ಮನೆ ಹೋದದ್ದರಿಂದ ಕಷ್ಟ ಬಂದರೆ, ಎರಡು ಸಾವಿರಕ್ಕೆ ಆಚೀಚೆ ನೆರೆಹೊರೆಯೇ ಇರಲಿಲ್ಲ.

ಅಮೆರಿಕದಲ್ಲಿ ನೌಕರಿಯಲ್ಲಿರುವ ನಮ್ಮ ಅಕ್ಕನ ಮಗ ಎರಡು ವರ್ಷದ ಹಿಂದೆ ಬಂದಾಗ ನನ್ನ ಕೈಗೆ ಎರಡು ಡಾಲರಿನ ನೋಟೊಂದನ್ನಿಟ್ಟು, "ಮಾವ, ಇದು ಅದೃಷ್ಟದ್ದು, ಖರ್ಚು ಮಾಡಬೇಡಿ" ಎಂದ. ಅದರ ಮೇಲೆ ಅವರ ಹಿಂದಿನ ಅಧ್ಯಕ್ಷ ಜೆಫರ್ಸನ್ನರ ಚಿತ್ರವಿದೆ. ಎರಡು ಡಾಲರಿನ ನೋಟು ಅಲ್ಲಿ 1862ರಲ್ಲೇ ಮೊದಲು ಬಂತಂತೆ. 1966ರಲ್ಲಿ ನಿಲ್ಲಿಸಿ, ಅವರ ಸ್ವಾತಂತ್ರ್ಯದ ಇನ್ನೂರನೆಯ ವರ್ಷವಾದ 1976ರಲ್ಲಿ ಮತ್ತೆ ಹೊರಡಿಸಿದರು, ಈಗಲೂ ಮುದ್ರಿಸುತ್ತಾರೆ. ಆದರೂ ಅಲ್ಲಿನ ಅಂಗಡಿಗಳಲ್ಲಿ ಅದು ಕಾಣುವುದು ಅಪರೂಪ. ಏಕೆಂದು ಕೇಳಿದಾಗ ಅವನು ಹೇಳಿದ ಮೊದಲ ಮಾತು, ಅಲ್ಲಿನ ಗಲ್ಲಾಪೆಟ್ಟಿಗೆಗಳಲ್ಲಿ ಅದಕ್ಕೆ ಮನೆಯಿಲ್ಲ ಎಂಬುದು. ಸಿಕ್ಕವರು ಅಪರೂಪವೆಂದು ತೆಗೆದಿಡುತ್ತಾರೆ, ತೆಗೆದಿಡುವುದರಿಂದ ಅದು ಇನ್ನಷ್ಟು ಅಪರೂಪವಾಗುತ್ತದೆ. ನಮ್ಮ ಮನೆಗಳಲ್ಲಿ ಒಂದು ರೂಪಾಯಿಯ ನೋಟಿಗೆ ಆಗಿರುವುದೂ ಇದೇ. ಸರ್ಕಾರವೇ ಹೊರಡಿಸುವ, ಗವರ್ನರರ ಬದಲು ಹಣಕಾಸು ಕಾರ್ಯದರ್ಶಿಯ ಸಹಿಯಿರುವ ಆ ನೋಟು 1994ರಲ್ಲಿ ನಿಂತು 2015ರಲ್ಲಿ ಮರಳಿ ಬಂದರೂ, ಮದುವೆಯ ಉಡುಗೊರೆಯ ಲಕೋಟೆಯಲ್ಲಲ್ಲದೆ ಬೇರೆಲ್ಲಿ ಕಂಡಿದ್ದೇವೆ?

ಮೊಬೈಲಿನಲ್ಲೇ ಎಲ್ಲ ಪಾವತಿ ನಡೆಯುವ ಕಾಲದಲ್ಲಿ ಐದು ರೂಪಾಯಿಯ ಕಾಗದಕ್ಕೆ ಇಷ್ಟು ಚಿಂತೆ ಏಕೆ ಎಂದು ಕೆಲವು ಓದುಗರು ಕೇಳಬಹುದು. ಮುಂಬಯಿಯ ಲೋಕಲ್ ರೈಲಿನ ಎರಡನೆಯ ದರ್ಜೆಯ ಕನಿಷ್ಠ ಟಿಕೆಟು ಐದು ರೂಪಾಯಿ. ಬೆಸ್ಟ್ ಬಸ್ಸಿನ ಕನಿಷ್ಠ ದರ 2019ರ ಜುಲೈಯಿಂದ 2025ರ ಮೇ ತಿಂಗಳಲ್ಲಿ ಹತ್ತಕ್ಕೆ ಏರುವವರೆಗೂ ಐದೇ ಆಗಿತ್ತು. ಇನ್ನೊಂದು ಕಡೆ, 2025ರ ಮಾರ್ಚಿನ ಲೆಕ್ಕದಲ್ಲಿ ಚಲಾವಣೆಯಲ್ಲಿರುವ ನೋಟುಗಳ ಒಟ್ಟು ಬೆಲೆಯಲ್ಲಿ ನೂರಕ್ಕೆ 86ರಷ್ಟು ಪಾಲು ಐನೂರರ ನೋಟಿನದು. ಎಟಿಎಮ್ಮುಗಳು ಬರೀ ಐನೂರನ್ನೇ ಉಗುಳುತ್ತಿದ್ದುದನ್ನು ಕಂಡು, ನೂರಕ್ಕೆ 75ರಷ್ಟು ಎಟಿಎಮ್ಮುಗಳು 2025ರ ಸೆಪ್ಟೆಂಬರ್ ಅಂತ್ಯದೊಳಗೆ, 90ರಷ್ಟು 2026ರ ಮಾರ್ಚ್ ಅಂತ್ಯದೊಳಗೆ ನೂರು ಅಥವಾ ಇನ್ನೂರರ ನೋಟನ್ನೂ ಕೊಡುವಂತಿರಬೇಕೆಂದು ರಿಸರ್ವ್ ಬ್ಯಾಂಕೇ ಆದೇಶಿಸಬೇಕಾಯಿತು. ಅಂದರೆ ಚಿಲ್ಲರೆಯ ಅಗತ್ಯ ತೀರಿಲ್ಲ. ಮೇಲಾಗಿ, ಆ ಇನ್ನೂರ ಹದಿನೈದು ರೂಪಾಯಿಗಾಗಿ ಒಂದು ಮನೆಯಲ್ಲಿ ಆಕೆ ಎಷ್ಟು ದಿನ ಬೆನ್ನು ಬಗ್ಗಿಸಿ ದುಡಿಯಬೇಕೆಂಬುದನ್ನು ಬಲ್ಲವರು ಅದನ್ನು ಸಣ್ಣ ಮೊತ್ತವೆನ್ನಲಾರರು.

ಕೊನೆಗೆ ಆಕೆಯ ನೋಟುಗಳಿಗೆ ಏನಾಯಿತೆಂಬುದನ್ನು ಹೇಳುತ್ತೇನೆ. ಮರುದಿನ ನಾವಿಬ್ಬರೂ ಹತ್ತಿರದ ಒಂದು ಬ್ಯಾಂಕಿನ ಶಾಖೆಗೆ ಹೋದೆವು. ಕಿಟಕಿಯಲ್ಲಿದ್ದ ಯುವಕ ಕಟ್ಟನ್ನು ಮುಟ್ಟದೆಯೇ "ಇದು ಬಂದ್ ಆಗಿದೆ ಕಾಕಾ" ಎಂದ. ಅವನ ದನಿಯಲ್ಲಿ ಅಸಡ್ಡೆಯಿರಲಿಲ್ಲ. ಅವನು ನಿಜವಾಗಿಯೂ ಹಾಗೆಂದೇ ತಿಳಿದಿದ್ದ. ಗದ್ದಲ ಮಾಡಲು ಮನಸ್ಸಾಗದೆ ಹಿಂದಿರುಗಿ, ಇನ್ನೊಂದು ಶಾಖೆಗೆ ಹೋಗಿ ಅಧಿಕಾರಿಯನ್ನೇ ಕಂಡೆವು. ಆ ಮಹಿಳಾ ಅಧಿಕಾರಿ ನೋಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಅವುಗಳಲ್ಲಿ ಎರಡು ನೋಟುಗಳ ಅಂಚನ್ನು ಗೆದ್ದಲು ತಿಂದಿತ್ತು. ಒಂದರಿಂದ ಇಪ್ಪತ್ತು ರೂಪಾಯಿವರೆಗಿನ ನೋಟು ಹರಿದಿದ್ದರೂ, ಉಳಿದ ಒಂದೇ ತುಂಡು ಅರ್ಧಕ್ಕಿಂತ ದೊಡ್ಡದಾಗಿದ್ದರೆ ಪೂರ್ತಿ ಬೆಲೆ ಕೊಡಬೇಕೆಂಬುದು 2009ರ ನೋಟು ಮರುಪಾವತಿ ನಿಯಮ. ಅದನ್ನು ಅವರೇ ನಮಗೆ ತಿಳಿಸಿದರು. ದಿನಕ್ಕೆ ಇಪ್ಪತ್ತು ನೋಟುಗಳವರೆಗೆ, ಐದು ಸಾವಿರ ರೂಪಾಯಿಯ ಮಿತಿಯೊಳಗೆ, ಮಾಸಿದ ನೋಟನ್ನು ಯಾವ ಶಾಖೆಯಲ್ಲಾದರೂ ಕಿಟಕಿಯಲ್ಲೇ ಉಚಿತವಾಗಿ ಬದಲಿಸಿ ಕೊಡಬೇಕು, ಅಲ್ಲಿ ಖಾತೆ ಇರಬೇಕೆಂದಿಲ್ಲ, ಹೆಚ್ಚಿದ್ದರೆ ರಸೀದಿ ಕೊಟ್ಟು ಪಡೆಯಬಹುದು ಎಂದರು. ಆದರೆ ಆಕೆಯನ್ನು ಮೂರು ದಿನ ಓಡಾಡಿಸುವುದು ಬೇಡವೆಂದು ನಲವತ್ತಮೂರನ್ನೂ ಒಟ್ಟಿಗೇ ತೆಗೆದುಕೊಂಡು, ಐವತ್ತರ ನಾಲ್ಕು ನೋಟು, ಹತ್ತರ ಒಂದು ನೋಟು, ಐದರ ಒಂದು ನಾಣ್ಯ ಕೊಟ್ಟರು. ಆಕೆ ನಾಣ್ಯವನ್ನು ಬೇರೆಯಾಗಿ ಸೆರಗಿನ ತುದಿಗೆ ಕಟ್ಟಿಕೊಂಡರು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಐದು ಮತ್ತು ಎರಡು ರೂಪಾಯಿಯ ನೋಟುಗಳು ಊರ್ಜಿತವಾಗಿವೆ, ಹರಿದವುಗಳನ್ನು ಬ್ಯಾಂಕಿನಲ್ಲಿ ಬದಲಿಸಬಹುದು, ಲಕ್ಷ ರೂಪಾಯಿಯ ಜಾಹೀರಾತು ಮೋಸ ಎಂಬ ಮೂರು ವಾಕ್ಯಗಳನ್ನು ದಪ್ಪಕ್ಷರದಲ್ಲಿ, ಚೌಕದೊಳಗೆ, ಕನ್ನಡದಲ್ಲಿ ಪ್ರಕಟಿಸಿ. ಮುಂಬಯಿಯ ಕನ್ನಡಿಗ ಹೋಟೆಲಿನವರು, ಅಂಗಡಿಯವರು ಅದನ್ನು ಕತ್ತರಿಸಿ ಗಲ್ಲಾದ ಗಾಜಿನಡಿ ಇಟ್ಟರೆ ಗಿರಾಕಿಗೆ ತೋರಿಸಲು ಅನುಕೂಲವಾಗುತ್ತದೆ. ಫೋರ್ಟಿನ ಫಿರೋಜ್‌ಶಾ ಮೆಹ್ತಾ ರಸ್ತೆಯಲ್ಲಿ ರಿಸರ್ವ್ ಬ್ಯಾಂಕು 2004ರಲ್ಲಿ ತೆರೆದ ಹಣದ ವಸ್ತುಸಂಗ್ರಹಾಲಯಕ್ಕೆ ನಾನು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಗಾಜಿನ ಹಿಂದೆ ಸೇರುವ ಕಾಲ ಐದರ ನೋಟಿಗೂ ಮುಂದೊಂದು ದಿನ ಬಂದೀತು, ಆದರೆ ಆ ಕಾಲವನ್ನು ನಿರ್ಧರಿಸಬೇಕಾದದ್ದು ಸರ್ಕಾರದ ಅಧಿಸೂಚನೆಯೇ ಹೊರತು ರಿಕ್ಷಾ ಸ್ಟ್ಯಾಂಡಿನ ಮಾತಲ್ಲ.

ನಮ್ಮ ಭಜನಾ ಮಂದಿರದ ಮಟ್ಟಿಗೆ ನಾವೊಂದು ತೀರ್ಮಾನ ಮಾಡಿದ್ದೇವೆ. ಹುಂಡಿಯಲ್ಲಿ ಬಂದ ಐದರ ನೋಟುಗಳಲ್ಲಿ ಗಟ್ಟಿಯಾಗಿರುವವನ್ನು ಇನ್ನು ಮುಂದೆ ಕಟ್ಟಿ ಬದಿಗಿಡದೆ, ಶನಿವಾರದ ಪ್ರಸಾದದ ಚೀಟಿಯ ಮೇಜಿನಲ್ಲಿ ಚಿಲ್ಲರೆಯಾಗಿ ಕೊಡುತ್ತೇವೆ, ತಂದುಕೊಟ್ಟವರಿಂದ ಪಡೆಯುತ್ತೇವೆ. ಮೇಜಿನ ಪೆಟ್ಟಿಗೆಯಲ್ಲಿ ಹಲಗೆಯ ಚೂರೊಂದನ್ನು ಅಡ್ಡವಿಟ್ಟು ಐದರ ನೋಟಿಗೆಂದು ಒಂದು ಮನೆಯನ್ನು ನಾನೇ ಮಾಡಿಕೊಟ್ಟಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹೋಟೆಲ್ ನೌಕರ, ಡೊಂಬಿವಲಿ ಪೂರ್ವ